ಬಿಡಿಭಾಗಗಳ ಮೇಲೆ ಅಳಿಯದ ಗುರುತಿನ ಸಂಖ್ಯೆ: ವಿಧಾನದ ಆಯ್ಕೆ ಹೇಗೆ?

ಬಿಡಿಭಾಗವೊಂದು ಮುರಿದೋ ಬಿರುಕು ಬಿಟ್ಟೋ ಗ್ರಾಹಕರ ಕಾರ್ಖಾನೆಯಿಂದ ಹಿಂದಿರುಗಿ ಬಂದಾಗ ತಯಾರಕರು ಮೊದಲು ಹುಡುಕುವುದು ಅದರ ಮೇಲಿನ ಸಂಖ್ಯೆಯನ್ನು. ಆ ಸಂಖ್ಯೆ ಓದಲು ಬಂದರೆ ಭಾಗವು ಯಾವ ದಿನ, ಯಾವ ಹೀಟ್‌ನ ಲೋಹದಿಂದ, ಯಾವ ಯಂತ್ರದಲ್ಲಿ ತಯಾರಾಯಿತೆಂಬುದನ್ನು ಕಡತಗಳಿಂದ ತಿಳಿಯಬಹುದು. ದೋಷ ಎಷ್ಟು ಭಾಗಗಳಿಗೆ ಹಬ್ಬಿದೆ, ಎಲ್ಲಿಗೆ ನಿಂತಿದೆ ಎಂದು ಗ್ರಾಹಕರಿಗೆ ಗೆರೆ ಎಳೆದು ತೋರಿಸಬಹುದು. ಸಂಖ್ಯೆ ಮಾಸಿಹೋಗಿದ್ದರೆ ಆ ಗೆರೆಯನ್ನು ಎಳೆಯುವುದು ಸಾಧ್ಯವಿಲ್ಲ. ಆಗ ಸಂಶಯವು ಆ ಅವಧಿಯಲ್ಲಿ ಕಳುಹಿಸಿದ ಸರಕಿನ ಮೇಲೆಲ್ಲ ಬೀಳುತ್ತದೆ.

ಇದನ್ನು ಲೆಕ್ಕದಲ್ಲಿ ನೋಡುವುದು ಲೇಸು. ಉದಾಹರಣೆಗೆ, ಒಂದು ಫೌಂಡ್ರಿಯು ತಿಂಗಳಿಗೆ 40 ಹೀಟ್‌ಗಳಲ್ಲಿ, ಹೀಟ್ ಒಂದಕ್ಕೆ 200ರಂತೆ, 8,000 ಬ್ರಾಕೆಟ್‌ಗಳನ್ನು ಎರಕ ಹೊಯ್ಯುತ್ತದೆ ಎಂದು ಭಾವಿಸೋಣ. ಒಂದು ಹೀಟ್‌ನಲ್ಲಿ ಲೋಹದ ಸಂಯೋಜನೆ ತಪ್ಪಿತೆಂದು ಎರಡು ತಿಂಗಳ ಬಳಿಕ ಗೊತ್ತಾಗುತ್ತದೆ. ಹೀಟ್ ಸಂಖ್ಯೆ ಎರಕದ ಮೇಲೆ ಉಳಿದಿದ್ದರೆ ಹಿಂದಕ್ಕೆ ತರಿಸಬೇಕಾದವು 200. ಉಳಿದಿಲ್ಲವಾದರೆ 8,000 ಬ್ರಾಕೆಟ್‌ಗಳನ್ನೂ ಬೇರ್ಪಡಿಸಬೇಕು, ಪರೀಕ್ಷಿಸಬೇಕು, ಜೋಡಣೆಯಾಗಿದ್ದರೆ ಬಿಚ್ಚಬೇಕು. ಇದರ ವೆಚ್ಚವನ್ನು ಗ್ರಾಹಕರು ಸರಬರಾಜುದಾರರ ಬಿಲ್ಲಿನಿಂದಲೇ ಕಡಿತ ಮಾಡುತ್ತಾರೆಂಬುದು ವಾಹನೋದ್ಯಮಕ್ಕೆ ಸರಬರಾಜು ಮಾಡುವವರಿಗೆ ತಿಳಿಯದ ಸಂಗತಿಯಲ್ಲ.

ವಾಹನೋದ್ಯಮದ ಗುಣಮಟ್ಟ ಮಾನಕವಾದ ಐಎಟಿಎಫ್ 16949, 2016ರಲ್ಲಿ ಪ್ರಕಟವಾದಾಗಿನಿಂದ, ಇದೇ ಮಾತನ್ನು ಹೇಳುತ್ತ ಬಂದಿದೆ. ಸಂಶಯಾಸ್ಪದ ಭಾಗಗಳು ಎಲ್ಲಿಂದ ಆರಂಭವಾಗಿ ಎಲ್ಲಿಗೆ ಮುಗಿಯುತ್ತವೆ ಎಂಬುದನ್ನು ಸ್ಪಷ್ಟವಾಗಿ ಗುರುತಿಸುವ ಸಾಮರ್ಥ್ಯ ತಯಾರಕರಿಗೆ ಇರಬೇಕೆಂಬುದು ಅದರ ಅಪೇಕ್ಷೆ. ಆದರೆ ಸಂಖ್ಯೆಯನ್ನು ಯಾವ ವಿಧಾನದಿಂದ ಹಾಕಬೇಕೆಂದು ಮಾನಕವು ಹೇಳುವುದಿಲ್ಲ. ಆ ನಿರ್ಧಾರ ಉದ್ದಿಮೆದಾರರಿಗೇ ಬಿಟ್ಟದ್ದು.

ಯಾವ ಮಾಹಿತಿ, ಎಷ್ಟು ಕಾಲಕ್ಕೆ?

ವಿಧಾನವನ್ನು ಆರಿಸುವ ಮೊದಲು ಗುರುತು ಎಷ್ಟು ಕಾಲ ಬಾಳಬೇಕೆಂಬುದನ್ನು ನಿಶ್ಚಯಿಸಿಕೊಳ್ಳಬೇಕು. ನಮ್ಮೆಲ್ಲರ ಅಡುಗೆಮನೆಯಲ್ಲಿರುವ ಅನಿಲ ಸಿಲಿಂಡರು ಇದಕ್ಕೆ ಒಳ್ಳೆಯ ನಿದರ್ಶನ. ಅದರ ಕ್ರಮ ಸಂಖ್ಯೆಯನ್ನು ಲೋಹದಲ್ಲೇ ಒತ್ತಿರುತ್ತಾರೆ. ಸಿಲಿಂಡರು ಇರುವವರೆಗೂ ಅದು ಬದಲಾಗದು. ಮರುಪರೀಕ್ಷೆಯ ಅವಧಿಯನ್ನು ಮಾತ್ರ ಹಿಡಿಕೆಯ ಕೆಳಗಿನ ಪಟ್ಟಿಯ ಒಳಮೈಯಲ್ಲಿ ಬಣ್ಣದಿಂದ ಬರೆದಿರುತ್ತಾರೆ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಎಂದರೆ ಏಪ್ರಿಲ್‌ನಿಂದ ಜೂನ್, ಹೀಗೆ ಡಿಯವರೆಗೆ ನಾಲ್ಕು ತ್ರೈಮಾಸಿಕಗಳು. ಅಕ್ಷರದ ಪಕ್ಕದಲ್ಲಿ ವರ್ಷದ ಕೊನೆಯ ಎರಡು ಅಂಕಿಗಳು. ಪ್ರತಿ ಪರೀಕ್ಷೆಯ ನಂತರ ಹೊಸದಾಗಿ ಬರೆಯಬೇಕಾದ ಮಾಹಿತಿಗೆ ಬಣ್ಣ ಸಾಕು, ಎಂದೂ ಬದಲಾಗದ ಮಾಹಿತಿಗೆ ಲೋಹವೇ ಬೇಕು.

ನಮ್ಮ ಅನೇಕ ಕಾರ್ಖಾನೆಗಳಲ್ಲಿ ಈ ವಿಂಗಡಣೆ ಆಗಿರುವುದಿಲ್ಲ. ಭಾಗ ಸಂಖ್ಯೆ, ಹೀಟ್ ಸಂಖ್ಯೆ, ತಪಾಸಣೆಯ ಮುದ್ರೆ, ಗ್ರಾಹಕರ ಆರ್ಡರ್ ಸಂಖ್ಯೆ ಎಲ್ಲವನ್ನೂ ಒಂದೇ ರೀತಿಯಲ್ಲಿ ಹಾಕುವ ರೂಢಿಯಿದೆ. ಆರ್ಡರ್ ಸಂಖ್ಯೆಯು ಪೆಟ್ಟಿಗೆಯ ಮೇಲಿದ್ದರೆ ಸಾಕಾಗುತ್ತದೆ. ತಪಾಸಣೆಯ ಮುದ್ರೆ ಮುಂದಿನ ಹಂತದವರೆಗೆ ಉಳಿದರೆ ಸಾಕು. ಭಾಗದ ಆಯುಷ್ಯದುದ್ದಕ್ಕೂ ಉಳಿಯಬೇಕಾದವು ಸಾಮಾನ್ಯವಾಗಿ ಎರಡೇ: ತಯಾರಕರ ಗುರುತು ಮತ್ತು ಹೀಟ್ ಅಥವಾ ಬ್ಯಾಚ್ ಸಂಖ್ಯೆ. ಸುರಕ್ಷತೆಗೆ ಸಂಬಂಧಿಸಿದ ಭಾಗಗಳಿಗೆ ಬಿಡಿಬಿಡಿಯಾದ ಕ್ರಮ ಸಂಖ್ಯೆಯೂ ಬೇಕಾಗುತ್ತದೆ. ಶಾಶ್ವತ ಗುರುತು ಎಷ್ಟು ಚಿಕ್ಕದಾಗಿರುತ್ತದೆಯೋ ಅಷ್ಟು ಆಳವಾಗಿಯೂ ಸ್ಪಷ್ಟವಾಗಿಯೂ ಹಾಕಲು ಅವಕಾಶವಾಗುತ್ತದೆ.

ಗುರುತಿನ ನಂತರ ಭಾಗವು ದಾಟಬೇಕಾದ ಹಂತಗಳು

ಗುರುತು ಹಾಕುವ ಯಂತ್ರವನ್ನು ಕೊಳ್ಳಲು ಹೊರಟವರು ಮೊದಲು ಕೇಳುವುದು ಬೆಲೆಯನ್ನು. ಅದಕ್ಕೂ ಮೊದಲು ಭಾಗದ ರೂಟ್ ಕಾರ್ಡನ್ನು ಎದುರಿಗಿಟ್ಟುಕೊಂಡು, ಗುರುತಿನ ನಂತರ ಭಾಗವು ಏನೇನನ್ನು ದಾಟಬೇಕೆಂದು ಬರೆದುಕೊಳ್ಳುವುದು ಉಚಿತ. ಗುರುತು ಅಳಿದುಹೋಗುವುದು ಬಹುಪಾಲು ಗ್ರಾಹಕರ ಬಳಿ ಅಲ್ಲ, ನಮ್ಮದೇ ಕಾರ್ಖಾನೆಯ ಅಥವಾ ಜಾಬ್‌ವರ್ಕ್ ಘಟಕದ ಮುಂದಿನ ಹಂತಗಳಲ್ಲಿ.

ಹದ ಮಾಡಿದ ಗಿಯರ್ ಒಂದನ್ನು ತೆಗೆದುಕೊಳ್ಳೋಣ. ಫೋರ್ಜಿಂಗ್, ಟರ್ನಿಂಗ್, ಹಲ್ಲು ಕಡಿಯುವುದು, ಸುಮಾರು 900ರಿಂದ 930 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾರ್ಬುರೈಸಿಂಗ್, ಎಣ್ಣೆಯಲ್ಲಿ ತಣಿಸುವುದು, ಶಾಟ್ ಬ್ಲಾಸ್ಟಿಂಗ್, ಕೊನೆಗೆ ರಂಧ್ರ ಮತ್ತು ಪಾರ್ಶ್ವಗಳ ಗ್ರೈಂಡಿಂಗ್. ಟರ್ನಿಂಗ್ ಆದ ಕೂಡಲೇ ಇಂಕಿನಲ್ಲಿ ಬರೆದ ಸಂಖ್ಯೆ ಕುಲುಮೆಯಲ್ಲಿ ಸುಟ್ಟುಹೋಗುತ್ತದೆ. ತೆಳುವಾಗಿ ಲೇಸರ್ ಮಾಡಿದ ಸಂಖ್ಯೆ ಶಾಟ್ ಬ್ಲಾಸ್ಟಿಂಗ್‌ನಲ್ಲಿ ಮಾಯವಾಗುತ್ತದೆ. ಪಾರ್ಶ್ವದ ಮೇಲೆ ಆಳವಾಗಿಯೇ ಒತ್ತಿದ್ದರೂ ಗ್ರೈಂಡಿಂಗ್ ಅದನ್ನು ತೆಗೆದುಬಿಡಬಹುದು. ಎಲ್ಲ ಮುಗಿದ ಮೇಲೆ ಹಾಕೋಣವೆಂದರೆ ಮೇಲ್ಮೈ ಸುಮಾರು 60 ಎಚ್‌ಆರ್‌ಸಿ ಗಡಸಾಗಿರುತ್ತದೆ. ಕೈಪಂಚ್ ಅದರ ಮೇಲೆ ಇಳಿಯುವುದಿಲ್ಲ. ಅಷ್ಟಲ್ಲದೆ ಕೊನೆಯವರೆಗೆ ಕಾದರೆ ಮಧ್ಯದ ಹಂತಗಳಲ್ಲಿ ಎರಡು ಹೀಟ್‌ಗಳ ಗಿಯರ್‌ಗಳು ಬೆರೆತುಹೋಗುವ ಅಪಾಯ ಇದ್ದೇ ಇದೆ.

ಇದಕ್ಕೆ ರೂಢಿಯಲ್ಲಿರುವ ಪರಿಹಾರವೆಂದರೆ ಎರಡು ಗುರುತುಗಳು. ಹೀಟ್ ಸಂಖ್ಯೆಯನ್ನು ಹದ ಮಾಡುವ ಮುನ್ನ, ಗ್ರೈಂಡಿಂಗ್ ತಾಗದ ತಗ್ಗಿನ ಭಾಗದಲ್ಲಿ ಆಳವಾಗಿ ಒತ್ತುವುದು. ಕ್ರಮ ಸಂಖ್ಯೆಯನ್ನು ಗ್ರೈಂಡಿಂಗ್ ನಂತರ ಲೇಸರ್ ಅಥವಾ ವಿದ್ಯುತ್ ರಾಸಾಯನಿಕ ವಿಧಾನದಿಂದ ಹಾಕುವುದು.

ಲೇಪನಗಳ ವಿಷಯದಲ್ಲಿ ದಪ್ಪವೇ ಮುಖ್ಯ. ಸಾಮಾನ್ಯ ಜಿಂಕ್ ಪ್ಲೇಟಿಂಗ್ 8ರಿಂದ 12 ಮೈಕ್ರಾನ್ ಇರುವುದರಿಂದ ಒತ್ತಿದ ಗುರುತು ಅದರ ಕೆಳಗೂ ಕಾಣುತ್ತದೆ. ಪೌಡರ್ ಕೋಟಿಂಗ್ 60ರಿಂದ 80 ಮೈಕ್ರಾನ್ ಕೂರುತ್ತದೆ; ಅದು ಓವನ್‌ನಲ್ಲಿ ಕರಗಿ ಹರಡುವುದರಿಂದ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಆಳದ ಸಂಖ್ಯೆ ಬಹುತೇಕ ಮುಚ್ಚಿಹೋಗುತ್ತದೆ. ಬಿಸಿ ಗ್ಯಾಲ್ವನೈಸಿಂಗ್ ಇನ್ನೂ ಕಠಿಣ. ಮೊದಲು ಆಮ್ಲದ ತೊಟ್ಟಿ, ಅನಂತರ ಸುಮಾರು 450 ಡಿಗ್ರಿಯ ಕರಗಿದ ಸತು. ವಿದ್ಯುತ್ ಗೋಪುರದ ಕೋನಪಟ್ಟಿಗಳ ಮೇಲೆ ಸಂಖ್ಯೆಗಳನ್ನು ದೊಡ್ಡದಾಗಿಯೂ ಆಳವಾಗಿಯೂ ಒತ್ತುವುದು ಇದೇ ಕಾರಣಕ್ಕೆ. ಅರ್ಧ ಅಂಗುಲದಷ್ಟು ಎತ್ತರ, ಮುಕ್ಕಾಲು ಮಿ.ಮೀ.ಗೆ ಕಡಿಮೆಯಿಲ್ಲದ ಆಳ ಇದ್ದರೆ ಸತುವಿನ ಕೆಳಗೂ ಓದಬಹುದು. ಎಣ್ಣೆ ಬಣ್ಣದಿಂದ ಬರೆದರೆ ಸಂಖ್ಯೆ ಹೋಗುವುದಷ್ಟೇ ಅಲ್ಲ, ಆ ಜಾಗದಲ್ಲಿ ಸತುವೂ ಹಿಡಿಯದೆ ಬರಿಯ ಉಕ್ಕು ಉಳಿಯುತ್ತದೆ.

ಕಚ್ಚಾ ವಸ್ತುವಿನ ಹಂತದಲ್ಲೂ ಒಂದು ಮಾತು. ಉಕ್ಕಿನ ಬಾರ್‌ಗಳ ಹೀಟ್ ಸಂಖ್ಯೆ ಒಂದು ತುದಿಯಲ್ಲಿ ಮಾತ್ರ ಇರುತ್ತದೆ. ಗರಗಸದವನು ಅದೇ ತುದಿಯಿಂದ ಕತ್ತರಿಸಲು ತೊಡಗಿದರೆ ಮೊದಲ ತುಂಡಿನೊಡನೆ ಇಡೀ ಬಾರ್‌ನ ಗುರುತೇ ಹೋಗುತ್ತದೆ. ಸಂಖ್ಯೆ ಇರುವ ತುದಿಯನ್ನು ಕೊನೆಗೆ ಉಳಿಸಬೇಕೆಂಬ ನಿಯಮಕ್ಕೆ ಒಂದು ಪೈಸೆಯ ಖರ್ಚಿಲ್ಲ. ಬಾಯ್ಲರ್ ಮತ್ತು ಒತ್ತಡ ಪಾತ್ರೆಗಳ ತಯಾರಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತಟ್ಟೆಯನ್ನು ಕತ್ತರಿಸುವ ಮುನ್ನವೇ ಪ್ರತಿ ತುಂಡಿನ ಮೇಲೂ ಸಂಖ್ಯೆಯನ್ನು ವರ್ಗಾಯಿಸಿ ಒತ್ತುತ್ತಾರೆ. ಸಣ್ಣ ಫ್ಯಾಬ್ರಿಕೇಶನ್ ಘಟಕಗಳೂ ಅನುಸರಿಸಬಹುದಾದ ಶಿಸ್ತು ಇದು.

ಎರಕದೊಡನೆಯೇ ಮೂಡುವ ಗುರುತು

ಬೆಳಗಾವಿ ಮತ್ತು ಶಿವಮೊಗ್ಗದ ಫೌಂಡ್ರಿಗಳಿಗೆ ಈ ವಿಧಾನ ಹೊಸದೇನಲ್ಲ. ಭಾಗ ಸಂಖ್ಯೆ ಹಾಗೂ ತಯಾರಕರ ಗುರುತು ಪ್ಯಾಟರ್ನ್‌ನಲ್ಲೇ ಇರುತ್ತವೆ. ಪ್ರತಿ ಸಲ ಬದಲಾಗುವ ಹೀಟ್ ಸಂಖ್ಯೆಗೆ ಬಿಡಿ ಅಂಕಿಗಳನ್ನು ಬಳಸುತ್ತಾರೆ. ಎರಕದೊಡನೆ ಬಂದ ಅಕ್ಷರವು ಶಾಖ, ಆಮ್ಲ, ಬಣ್ಣ ಯಾವುದಕ್ಕೂ ಸುಲಭವಾಗಿ ಬಗ್ಗುವುದಿಲ್ಲ. ಹೆಚ್ಚುವರಿ ವೆಚ್ಚವೂ ನಗಣ್ಯ.

ಆದರೂ ಎರಕದ ಸಂಖ್ಯೆಗಳು ಓದಲಾಗದೆ ಹೋಗುವುದುಂಟು. ಫೆಟ್ಲಿಂಗ್ ಮಾಡುವವನ ಗ್ರೈಂಡರ್ ಉಬ್ಬಿದ ಅಕ್ಷರಗಳ ಮೇಲೂ ಹಾಯುತ್ತದೆ. ರಾಶಿ ಹಾಕಿ ಸಾಗಿಸುವಾಗ ಎರಕಗಳು ಒಂದಕ್ಕೊಂದು ಬಡಿದು ಉಬ್ಬು ಸವೆಯುತ್ತದೆ. ಪ್ಯಾಟರ್ನ್‌ನಲ್ಲಿ ಮೊದಲು ಒಂದು ಚಿಕ್ಕ ತಗ್ಗಿನ ಚೌಕವನ್ನು ರೂಪಿಸಿ, ಅದರೊಳಗೆ ಅಕ್ಷರಗಳು ಉಬ್ಬಿ ಬರುವಂತೆ ಮಾಡಿದರೆ ಅಕ್ಷರದ ತುದಿ ಎರಕದ ಮೇಲ್ಮೈಗಿಂತ ಮೇಲೆ ಬರುವುದಿಲ್ಲ. ಆಗ ಗ್ರೈಂಡರ್ ಆಗಲಿ, ಪೆಟ್ಟಾಗಲಿ ತಾಗದು. ಈ ಚೌಕವನ್ನು ಪಾರ್ಟಿಂಗ್ ಲೈನ್, ಗೇಟ್ ಮತ್ತು ರೈಸರ್‌ಗಳಿಂದ ದೂರದಲ್ಲಿಯೂ ಯಂತ್ರಕ್ಕೆ ಸಿಗದ ಮೇಲ್ಮೈಯಲ್ಲಿಯೂ ಇಡಬೇಕು. ಹೊಸ ಪ್ಯಾಟರ್ನ್ ಮಾಡಿಸುವಾಗಲೇ ಇದನ್ನು ಗ್ರಾಹಕರ ಒಪ್ಪಿಗೆ ಪಡೆದು ಸೇರಿಸುವುದು ಸುಲಭ. ಆಮೇಲೆ ತಿದ್ದುವುದು ಕಷ್ಟ.

ಪ್ಲಾಸ್ಟಿಕ್ ಹಾಗೂ ಡೈ ಕಾಸ್ಟಿಂಗ್ ಅಚ್ಚುಗಳಿಗೆ ತಿಂಗಳು ಮತ್ತು ವರ್ಷ ತೋರಿಸುವ ತಿರುಗುವ ಇನ್‌ಸರ್ಟ್‌ಗಳು ಸಿಗುತ್ತವೆ. ತಿಂಗಳ ಮೊದಲ ದಿನ ಸ್ಕ್ರೂಡ್ರೈವರಿನಿಂದ ಬಾಣದ ಗುರುತನ್ನು ತಿರುಗಿಸಲು ಯಾರಾದರೊಬ್ಬರು ನೆನಪಿಡಬೇಕು, ಅಷ್ಟೇ.

ಪಂಚ್ ಮತ್ತು ಡಾಟ್ ಪೀನ್

ಉಕ್ಕಿನ ಅಕ್ಷರ ಪಂಚ್ ಮತ್ತು ಸುತ್ತಿಗೆ ಇಂದಿಗೂ ಅತ್ಯಂತ ಅಗ್ಗದ, ಅತ್ಯಂತ ಗಟ್ಟಿಯಾದ ಗುರುತನ್ನು ಕೊಡುವ ಸಾಧನಗಳು. ಒಂದು ಕುತೂಹಲದ ಸಂಗತಿಯನ್ನು ಇಲ್ಲಿ ಹೇಳಬಹುದು. ಕದ್ದ ವಾಹನದ ಚಾಸಿಸ್ ಸಂಖ್ಯೆಯನ್ನು ಅರದಿಂದ ಉಜ್ಜಿ ಅಳಿಸಿದ್ದರೂ ವಿಧಿವಿಜ್ಞಾನ ಪ್ರಯೋಗಾಲಯದವರು ಆಮ್ಲ ಲೇಪಿಸಿ ಅದನ್ನು ಮತ್ತೆ ಓದಬಲ್ಲರು. ಪಂಚ್‌ನ ಪೆಟ್ಟು ಕಣ್ಣಿಗೆ ಕಾಣುವ ತಗ್ಗಿನ ಕೆಳಗಿನ ಲೋಹವನ್ನೂ ಅದುಮಿರುತ್ತದೆ. ಆಮ್ಲವು ಅದುಮಿದ ಲೋಹವನ್ನು ಸುತ್ತಲಿನ ಲೋಹಕ್ಕಿಂತ ಬೇರೆ ವೇಗದಲ್ಲಿ ತಿನ್ನುವುದರಿಂದ ಅಂಕಿಗಳು ಮೂಡಿಬರುತ್ತವೆ.

ಇದೇ ಗುಣ ಕೆಲವು ಭಾಗಗಳಿಗೆ ಮುಳುವಾಗುತ್ತದೆ. ಚೂಪಾದ ತಳವಿರುವ ಅಕ್ಷರವೊಂದು ಲೋಹದಲ್ಲಿ ಮಾಡಿದ ಕಚ್ಚಿಗೆ ಸಮಾನ. ಮತ್ತೆ ಮತ್ತೆ ಭಾರ ಏರಿಳಿಯುವ ಶಾಫ್ಟ್, ಸ್ಪ್ರಿಂಗ್, ಕನೆಕ್ಟಿಂಗ್ ರಾಡ್, ಲಿಫ್ಟಿಂಗ್ ಹುಕ್ ಮುಂತಾದವುಗಳಲ್ಲಿ ದಣಿವಿನ ಬಿರುಕು ಅಲ್ಲಿಂದಲೇ ಹೊರಡಬಹುದು. ಇಂತಹ ಭಾಗಗಳಿಗೆ ಎರಡು ಎಚ್ಚರಿಕೆಗಳು ಬೇಕು. ಮೊದಲನೆಯದು ಸ್ಥಾನ: ಎಳೆತ ಹೆಚ್ಚಿರುವಲ್ಲಿ, ವ್ಯಾಸ ಬದಲಾಗುವ ಮೂಲೆಯಲ್ಲಿ, ಥ್ರೆಡ್‌ನ ಬಳಿ ಗುರುತು ಕೂಡದು, ಶಾಫ್ಟ್ ಆದರೆ ಅದರ ತುದಿಯ ಮುಖವೇ ಲೇಸು. ಎರಡನೆಯದು ಪಂಚ್‌ನ ಆಕಾರ: ದುಂಡನೆಯ ತಳವಿರುವ ಅಥವಾ ಚುಕ್ಕಿಗಳಿಂದ ಕೂಡಿದ ಕಡಿಮೆ ಒತ್ತಡದ ಪಂಚ್‌ಗಳು ದೊರೆಯುತ್ತವೆ. ಸಾಮಾನ್ಯ ಪಂಚ್‌ಗಿಂತ ಅವುಗಳ ಬೆಲೆ ಹೆಚ್ಚಾದರೂ ಈ ಉಳಿತಾಯಕ್ಕೆ ಕೈಹಾಕುವುದು ಸರಿಯಲ್ಲ.

ಗಡಸಾದ ಭಾಗದ ಮೇಲೆ ಪಂಚ್ ಹೊಡೆಯುವುದನ್ನು ಕಾರ್ಖಾನೆಯಲ್ಲಿ ಸ್ಪಷ್ಟವಾಗಿ ನಿಷೇಧಿಸಬೇಕು. ಪಂಚ್‌ನ ಮೂತಿಯೂ ಭಾಗವೂ ಒಂದೇ ಗಡಸಿನವಾದಾಗ ಚೂರು ಸಿಡಿದು ಕಣ್ಣಿಗೆ ಹೊಡೆಯುತ್ತದೆ.

ಕೈಪಂಚ್‌ನ ದೊಡ್ಡ ಕೊರತೆ ಅಸಮತೆ. ಬೆಳಗಿನ ಪಾಳಿಯ ಕೆಲಸಗಾರನ ಪೆಟ್ಟಿಗೂ ರಾತ್ರಿ ಪಾಳಿಯವನ ಪೆಟ್ಟಿಗೂ ಆಳದಲ್ಲಿ ವ್ಯತ್ಯಾಸವಿರುತ್ತದೆ. ದಿನಕ್ಕೆ ಸಾವಿರ ಭಾಗಗಳ ಮೇಲೆ ಎಂಟಂಕಿಯ ಸಂಖ್ಯೆ ಹಾಕುವುದು ಮನುಷ್ಯನಿಗೆ ಹೇಳಿದ ಕೆಲಸವೂ ಅಲ್ಲ. ಇಲ್ಲಿ ಡಾಟ್ ಪೀನ್ ಯಂತ್ರವು ನೆರವಾಗುತ್ತದೆ. ಗಣಕದ ನಿಯಂತ್ರಣದಲ್ಲಿ ಚಲಿಸುವ ಕಾರ್ಬೈಡ್ ಸೂಜಿಯೊಂದು ಚುಕ್ಕಿಗಳ ಸಾಲಿನಿಂದ ಅಕ್ಷರಗಳನ್ನು ಮೂಡಿಸುತ್ತದೆ. ಆಳ ಒಂದೇ ಸಮನಾಗಿರುತ್ತದೆ, ಕ್ರಮ ಸಂಖ್ಯೆ ತಾನಾಗಿಯೇ ಮುಂದೆ ಸಾಗುತ್ತದೆ, ಚುಕ್ಕಿಯ ತಳ ದುಂಡಾಗಿರುವುದರಿಂದ ಕಚ್ಚಿನ ದೋಷವೂ ಕಡಿಮೆ. ಯಂತ್ರ ಚಿಕ್ಕದು; ಭಾರವಾದ ಎರಕಗಳ ಬಳಿಗೇ ಹೊತ್ತು ತರಬಹುದಾದ ಮಾದರಿಗಳೂ ಇವೆ. ಶಬ್ದ ಮಾತ್ರ ಕಿವಿಗೆ ಕಠೋರ. ತೆಳು ತಗಡು ಅಥವಾ ಪೊಳ್ಳು ಭಾಗಗಳಾದರೆ ಹಿಂದಿನಿಂದ ಗಟ್ಟಿ ಆಧಾರ ಕೊಡಬೇಕು, ಇಲ್ಲವಾದರೆ ಭಾಗವೇ ಬಾಗುತ್ತದೆ. ಬಣ್ಣ ಅಥವಾ ಪೌಡರ್ ಕೋಟಿಂಗ್ ಆಗಬೇಕಾದ ಉಕ್ಕು ಮತ್ತು ಎರಕದ ಭಾಗಗಳಿಗೆ, ನನ್ನ ಅಭಿಪ್ರಾಯದಲ್ಲಿ, ಸಣ್ಣ ಉದ್ದಿಮೆಯು ಮೊದಲು ಪರಿಶೀಲಿಸಬೇಕಾದ ಯಂತ್ರ ಇದೇ.

ಲೇಸರ್: ಆಕರ್ಷಣೆ ಮತ್ತು ಮಿತಿ

ಚಿನ್ನದ ಒಡವೆಗಳ ಮೇಲೆ 2021ರ ಜುಲೈನಿಂದ ಬಂದಿರುವ ಆರು ಅಕ್ಷರಾಂಕಗಳ ಎಚ್‌ಯುಐಡಿ ಸಂಖ್ಯೆಯನ್ನು ಭೂತಕನ್ನಡಿಯಲ್ಲಿ ನೋಡಿದವರಿಗೆ ಲೇಸರ್‌ನ ಸಾಮರ್ಥ್ಯವನ್ನು ವಿವರಿಸಬೇಕಾಗಿಲ್ಲ. ಉಂಗುರದ ಒಳಮೈಯಂತಹ ಕಿರಿದಾದ ಜಾಗದಲ್ಲಿ, ಪೆಟ್ಟಿಲ್ಲದೆ, ಪ್ರತಿ ವಸ್ತುವಿಗೂ ಬೇರೆ ಬೇರೆ ಸಂಖ್ಯೆಯನ್ನು ಅದು ಕ್ಷಣಗಳಲ್ಲಿ ಹಾಕುತ್ತದೆ. ಫೈಬರ್ ಲೇಸರ್ ಯಂತ್ರಗಳ ಬೆಲೆ ಕಳೆದ ವರ್ಷಗಳಲ್ಲಿ ಬಹಳ ಇಳಿದಿದ್ದು, ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳಲ್ಲಿ ಜಾಬ್‌ವರ್ಕ್ ಆಗಿಯೂ ಈ ಸೇವೆ ಸಿಗುತ್ತದೆ.

ಆದರೆ ‘ಲೇಸರ್ ಮಾರ್ಕಿಂಗ್’ ಎಂಬ ಒಂದೇ ಹೆಸರಿನಲ್ಲಿ ಹಲವು ಬಗೆಗಳಿವೆ ಎಂಬುದನ್ನು ಕೊಳ್ಳುವವರು ತಿಳಿದಿರಬೇಕು. ಲೋಹವನ್ನು ಆವಿಯಾಗಿಸಿ ತಗ್ಗು ಮಾಡುವುದು ಕೆತ್ತನೆ; ಇದು ನಿಧಾನ, ಆದರೆ ಬಾಳುತ್ತದೆ. ಲೋಹವನ್ನು ತೆಗೆಯದೆ ಮೇಲ್ಮೈಯನ್ನು ಕಾಯಿಸಿ, ಆಕ್ಸೈಡ್ ಪದರದಿಂದ ಕಪ್ಪು ಬಣ್ಣ ಬರಿಸುವುದು ಇನ್ನೊಂದು. ಸ್ಟೇನ್‌ಲೆಸ್ ಉಕ್ಕಿನ ಮೇಲೆ ಇದು ಅತ್ಯಂತ ಸುಂದರವಾಗಿ ಕಾಣುತ್ತದೆ, ಮೇಲ್ಮೈ ನುಣುಪಾಗಿಯೇ ಉಳಿಯುತ್ತದೆ. ಆದರೆ ಆ ಪದರದ ದಪ್ಪ ಅತ್ಯಲ್ಪ. ಪಾಸಿವೇಶನ್‌ಗಾಗಿ ಆಮ್ಲದಲ್ಲಿ ಅದ್ದಿದಾಗ ಅಕ್ಷರ ಮಸುಕಾಗಬಹುದು. ಅದ್ದದೆ ಬಿಟ್ಟರೆ ಕಾಯಿಸಿದ ಜಾಗದಲ್ಲಿ ತುಕ್ಕಿನ ಚುಕ್ಕಿ ಕಾಣಿಸಿಕೊಳ್ಳಬಹುದು. ಶಸ್ತ್ರಚಿಕಿತ್ಸೆಯ ಉಪಕರಣ, ಆಹಾರೋದ್ಯಮದ ವಾಲ್ವ್ ಮುಂತಾದವನ್ನು ಮಾಡುವವರು ಮಾದರಿ ತುಂಡುಗಳನ್ನು ಪಾಸಿವೇಶನ್ ಹಾಗೂ ಉಪ್ಪುನೀರಿನ ಸಿಂಪಡಣೆಗೆ ಒಡ್ಡಿ ನೋಡಿಯೇ ಶಕ್ತಿ ಮತ್ತು ವೇಗವನ್ನು ನಿಗದಿ ಮಾಡಬೇಕು.

ಲೇಸರ್‌ಗೆ ಪೆಟ್ಟಿಲ್ಲ, ಹಾಗಾಗಿ ಲೋಹಕ್ಕೆ ಹಾನಿಯೂ ಇಲ್ಲ ಎಂಬುದು ಪ್ರಚಲಿತವಾದ ತಪ್ಪು ತಿಳಿವಳಿಕೆ. ಕೆತ್ತಿದ ಗೆರೆಯ ಅಂಚಿನಲ್ಲಿ ಕರಗಿ ಮತ್ತೆ ಹೆಪ್ಪುಗಟ್ಟಿದ ತೆಳುಪದರ ಉಳಿಯುತ್ತದೆ. ಅದರಲ್ಲಿ ಸೂಕ್ಷ್ಮ ಬಿರುಕುಗಳಿರಬಹುದು. ವಿಮಾನೋದ್ಯಮದ ಗ್ರಾಹಕರು ಮುಖ್ಯ ಭಾಗಗಳ ಮೇಲೆ ಲೇಸರ್ ಬಳಕೆಗೆ ಮಿತಿ ಹಾಕುವುದು ಇದಕ್ಕಾಗಿ. ಬೆಂಗಳೂರು ಮತ್ತು ಬೆಳಗಾವಿಯ ಸುತ್ತಮುತ್ತ ವಿಮಾನದ ಬಿಡಿಭಾಗಗಳನ್ನು ಮಾಡುವ ಘಟಕಗಳು ನಕ್ಷೆಯಲ್ಲಿ ಹೇಳಿದ ವಿಧಾನವನ್ನು ಲಿಖಿತ ಒಪ್ಪಿಗೆಯಿಲ್ಲದೆ ಬದಲಿಸಬಾರದು.

ಸುರಕ್ಷತೆಯ ವಿಷಯ. ಫೈಬರ್ ಲೇಸರ್‌ನ ಕಿರಣ ಸುಮಾರು 1064 ನ್ಯಾನೊಮೀಟರ್ ತರಂಗಾಂತರದ್ದು. ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣಿನ ಒಳಪಟಲವನ್ನು ತಲಪಿ ಸುಡುತ್ತದೆ. ಅಗ್ಗದ ಯಂತ್ರಗಳು ಸುತ್ತಲೂ ಹೊದಿಕೆಯಿಲ್ಲದೆ ತೆರೆದೇ ಬರುತ್ತವೆ. ಮುಚ್ಚಿದ ಪೆಟ್ಟಿಗೆಯ, ಬಾಗಿಲು ತೆರೆದರೆ ಕಿರಣ ನಿಲ್ಲುವ ಮಾದರಿಯನ್ನೇ ಕೊಳ್ಳುವುದು ವಿವೇಕ. ಪಿವಿಸಿಯನ್ನು ಯಾವ ಲೇಸರ್‌ನಿಂದಲೂ ಗುರುತಿಸಕೂಡದು. ಹೊರಬರುವ ಹೈಡ್ರೋಜನ್ ಕ್ಲೋರೈಡ್ ಕೆಲಸಗಾರನ ಶ್ವಾಸಕ್ಕೂ ಯಂತ್ರದ ಕನ್ನಡಿಗಳಿಗೂ ಕೇಡು.

ವಿದ್ಯುತ್ ರಾಸಾಯನಿಕ ಕೆತ್ತನೆ

ಲೇಸರ್‌ನ ಅಬ್ಬರದಲ್ಲಿ ಈ ಹಳೆಯ ವಿಧಾನವನ್ನು ಅನೇಕರು ಮರೆತಿದ್ದಾರೆ. ಒಂದು ಸ್ಟೆನ್ಸಿಲ್, ಎಲೆಕ್ಟ್ರೊಲೈಟ್‌ನಲ್ಲಿ ತೋಯಿಸಿದ ಫೆಲ್ಟ್ ತುಂಡು, ಕಡಿಮೆ ವೋಲ್ಟೇಜಿನ ಪವರ್ ಯೂನಿಟ್ ಇಷ್ಟೇ ಸಾಮಗ್ರಿ. ವಿದ್ಯುತ್ ಹರಿಯುವ ಯಾವುದೇ ಲೋಹದ ಮೇಲೂ, ಅದು ಎಷ್ಟೇ ಗಡಸಾಗಿರಲಿ, ಕೆಲವು ಸೆಕೆಂಡುಗಳಲ್ಲಿ ಗುರುತು ಮೂಡುತ್ತದೆ. ಡಿಸಿ ವಿದ್ಯುತ್ ಲೋಹವನ್ನು ಕರಗಿಸಿ ತಗ್ಗು ಮಾಡುತ್ತದೆ. ಎಸಿ ವಿದ್ಯುತ್ ಕಪ್ಪು ಗುರುತನ್ನು ಕೊಡುತ್ತದೆ. ಲೋಹ ಕಾಯುವುದೂ ಇಲ್ಲ, ಅದುಮುವುದೂ ಇಲ್ಲ. ಗ್ರೈಂಡಿಂಗ್ ಆದ ಬೇರಿಂಗ್ ರಿಂಗ್, ಕಟ್ಟಿಂಗ್ ಟೂಲ್, ಗೇಜ್, ತೆಳುಗೋಡೆಯ ಭಾಗಗಳಿಗೆ ಇದು ಹೇಳಿಮಾಡಿಸಿದಂತಿದೆ. ದಿನಕ್ಕೆ ನೂರಿನ್ನೂರು ಭಾಗಗಳನ್ನು ಮಾತ್ರ ಗುರುತಿಸುವ ಘಟಕಕ್ಕೆ ಹೂಡಿಕೆಯ ದೃಷ್ಟಿಯಿಂದಲೂ ಅನುಕೂಲ. ಗುರುತು ಹಾಕಿದ ಕೂಡಲೇ ತಟಸ್ಥಗೊಳಿಸುವ ದ್ರಾವಣದಿಂದ ಒರೆಸಿ ಎಣ್ಣೆ ಸವರಬೇಕು. ಈ ಹೆಜ್ಜೆಯನ್ನು ಬಿಟ್ಟರೆ ಉಳಿದ ಲವಣದಿಂದ ಅಕ್ಷರದ ಸುತ್ತಲೇ ತುಕ್ಕು ಹಿಡಿಯುತ್ತದೆ, ಮಳೆಗಾಲದಲ್ಲಿ ಇನ್ನೂ ಬೇಗ.

ಇಂಕ್, ಲೇಬಲ್, ನಾಮಫಲಕ

ಇಂಕ್‌ಜೆಟ್ ಮುದ್ರಣವು ಪೆಟ್ರೋಲ್, ಬ್ರೇಕ್ ದ್ರವ, ತೊಳೆಯುವ ದ್ರಾವಕಗಳ ಮುಂದೆ ನಿಲ್ಲುವುದಿಲ್ಲ. ಅದನ್ನು ಶಾಶ್ವತ ಗುರುತೆಂದು ಎಣಿಸಬಾರದು. ಲೇಬಲ್ ಅನಿವಾರ್ಯವಾದಲ್ಲಿ ಕಾಗದದ ಬದಲು ಪಾಲಿಯೆಸ್ಟರ್ ಹಾಳೆಯನ್ನೂ, ಮೇಣದ ರಿಬ್ಬನ್ ಬದಲು ರೆಸಿನ್ ರಿಬ್ಬನ್ನನ್ನೂ ಬಳಸಬೇಕು. ಬೆಸುಗೆಯ ಶಾಖವನ್ನು ಹಾಯುವ ಎಲೆಕ್ಟ್ರಾನಿಕ್ ಬೋರ್ಡುಗಳಿಗೆ ಪಾಲಿಇಮೈಡ್ ಲೇಬಲ್‌ಗಳಿವೆ. ಪಂಪು, ಮೋಟಾರುಗಳಂತಹ ಪೂರ್ಣ ಯಂತ್ರಗಳಿಗೆ ರಿವೆಟ್ ಹಾಕಿದ ಅಲ್ಯೂಮಿನಿಯಂ ಅಥವಾ ಸ್ಟೇನ್‌ಲೆಸ್ ನಾಮಫಲಕವೇ ಸರಿ. ಆದರೆ ನಾಮಫಲಕವನ್ನು ಕಿತ್ತು ಮತ್ತೊಂದಕ್ಕೆ ಹಚ್ಚಬಹುದಾದ್ದರಿಂದ ಕ್ರಮ ಸಂಖ್ಯೆಯನ್ನು ಕವಚದ ಮೇಲೂ ಒತ್ತಿರುವುದು ಉತ್ತಮ.

ಯಂತ್ರ ಓದುವ ಸಂಕೇತ

ದೊಡ್ಡ ಗ್ರಾಹಕರು ಈಗ ಅಂಕಿಗಳ ಜೊತೆಗೆ ಡೇಟಾ ಮ್ಯಾಟ್ರಿಕ್ಸ್ ಸಂಕೇತವನ್ನೂ ಕೇಳುತ್ತಾರೆ. ಕಪ್ಪು ಬಿಳುಪು ಮನೆಗಳ ಈ ಚಿಕ್ಕ ಚೌಕದಲ್ಲಿ ದೋಷ ತಿದ್ದುಪಡಿಯ ವ್ಯವಸ್ಥೆ ಅಡಕವಾಗಿರುವುದರಿಂದ ಅದರ ಒಂದು ಭಾಗ ಗೀಚಿಹೋದರೂ ಓದಬಹುದು. ಅಡ್ಡಸಾಲು, ಉದ್ದಸಾಲು ತಲಾ 16 ಮನೆಗಳಿರುವ ಚೌಕದಲ್ಲಿ 24 ಅಂಕಿಗಳು ಅಥವಾ 16 ಅಕ್ಷರಾಂಕಗಳು ಹಿಡಿಸುತ್ತವೆ. ಮನೆಯೊಂದಕ್ಕೆ ಅರ್ಧ ಮಿ.ಮೀ. ಎಂದರೆ ಚೌಕದ ಬದಿ 8 ಮಿ.ಮೀ.; ಸುತ್ತಲೂ ಒಂದು ಮನೆಯಷ್ಟು ಖಾಲಿ ಜಾಗ ಬಿಟ್ಟರೆ 9 ಮಿ.ಮೀ. ಸಾಕು. ಒರಟಾದ ಎರಕದ ಮೇಲ್ಮೈಗೆ ಮನೆಗಳು ಇನ್ನೂ ದೊಡ್ಡವಾಗಿರಬೇಕು.

ಅಂಗಡಿಯ ಬಾರ್‌ಕೋಡ್ ರೀಡರ್ ಇದನ್ನು ಓದದು. ಲೋಹದ ಮೇಲಿನ ಸಂಕೇತಕ್ಕೆ ಬೆಳಕನ್ನು ಬೇರೆ ಬೇರೆ ಕೋನಗಳಿಂದ ಬೀರುವ ಕ್ಯಾಮೆರಾ ಮಾದರಿಯ ರೀಡರ್ ಬೇಕು. ಗ್ರಾಹಕರು ಸಂಕೇತದ ದರ್ಜೆಯನ್ನು ನಿಗದಿ ಮಾಡಿದ್ದರೆ, ಉದಾಹರಣೆಗೆ ಐಎಸ್‌ಒ/ಐಇಸಿ 29158ರ ಪ್ರಕಾರ, ಅಥವಾ ವಿಮಾನೋದ್ಯಮದ ಎಎಸ್ 9132ರ ಪ್ರಕಾರ, ಪರೀಕ್ಷಿಸುವ ಉಪಕರಣದ ಬೆಲೆಯನ್ನೂ ದರದಲ್ಲಿ ಸೇರಿಸಿಯೇ ಕೊಟೇಶನ್ ಕೊಡಬೇಕು. ಏನೇ ಆದರೂ ಮನುಷ್ಯರು ಓದಬಲ್ಲ ಅಂಕಿಗಳನ್ನು ಕೈಬಿಡಬಾರದು. ಎಣ್ಣೆ ಮೆತ್ತಿದ ಯಂತ್ರದ ಕೆಳಗೆ ಟಾರ್ಚ್ ಹಿಡಿದು ಕೂತ ಮೆಕ್ಯಾನಿಕ್‌ನ ಬಳಿ ರೀಡರ್ ಇರುವುದಿಲ್ಲ.

ಅಂಕಿಗಳೊಡನೆ ಇಂಗ್ಲಿಷ್ ಅಕ್ಷರಗಳನ್ನು ಬಳಸುವವರು ವಾಹನಗಳ 17 ಅಕ್ಷರಾಂಕಗಳ ಸಂಖ್ಯೆಯಿಂದ ಒಂದು ಪಾಠ ಕಲಿಯಬಹುದು. ಅದರಲ್ಲಿ ಐ, ಓ, ಕ್ಯೂ ಎಂಬ ಮೂರು ಅಕ್ಷರಗಳಿಗೆ ಎಡೆಯಿಲ್ಲ. ಒಂದು ಮತ್ತು ಸೊನ್ನೆಗಳೊಡನೆ ಅವು ಗೊಂದಲವಾಗುತ್ತವೆ. ಅರೆಬರೆ ಸವೆದ ಲೋಹದ ಮೇಲೆ ಎಸ್ ಮತ್ತು 5, ಬಿ ಮತ್ತು 8 ಕೂಡ ಹಾಗೆಯೇ ಕಾಣುತ್ತವೆ.

ಪ್ರಯೋಗ ಮತ್ತು ದಾಖಲೆ

ಯಾವ ವಿಧಾನವನ್ನೇ ಆರಿಸಲಿ, ಯಂತ್ರಕ್ಕೆ ಹಣ ಕೊಡುವ ಮೊದಲು ನಮ್ಮದೇ ಭಾಗಗಳ ಮೇಲೆ ಪರೀಕ್ಷೆಯಾಗಬೇಕು. ಮಾರಾಟಗಾರರು ತೋರಿಸುವ ಹೊಳೆಯುವ ಮಾದರಿ ತುಂಡು ಏನನ್ನೂ ಸಾಬೀತು ಮಾಡುವುದಿಲ್ಲ. ಹತ್ತು ಭಾಗಗಳಿಗೆ ಗುರುತು ಹಾಕಿಸಿ, ಉಳಿದೆಲ್ಲ ಹಂತಗಳನ್ನು ದಾಟಿಸಿ, ಸೀಮೆಎಣ್ಣೆ, ಡೀಸೆಲ್ ಅಥವಾ ಭಾಗವು ಬಳಕೆಯಲ್ಲಿ ತಾಗುವ ದ್ರವದಿಂದ ಬಟ್ಟೆಯಲ್ಲಿ ಉಜ್ಜಿಸಬೇಕು. ಆಮೇಲೆ ಆ ಸಂಖ್ಯೆಯನ್ನು ಮೊದಲು ಕಂಡಿರದ ವ್ಯಕ್ತಿಯಿಂದ, ಕಾರ್ಖಾನೆಯ ಸಾಮಾನ್ಯ ಬೆಳಕಿನಲ್ಲಿ, ಓದಿಸಿ ಬರೆಸಬೇಕು. ಸಂಖ್ಯೆ ಗೊತ್ತಿದ್ದವನ ಕಣ್ಣು ಇಲ್ಲದ ಅಂಕಿಯನ್ನೂ ಓದುತ್ತದೆ. ಕರಾವಳಿಗೆ ಸರಕು ಕಳುಹಿಸುವವರು ಕೆಲವು ತುಂಡುಗಳನ್ನು ಮಂಗಳೂರಿನ ಕಡೆ ಒಂದು ಮಳೆಗಾಲ ಬಯಲಿನಲ್ಲಿ ಇಡಿಸಿ ನೋಡಿದರೆ ಇನ್ನೂ ಒಳ್ಳೆಯದು.

ಲೋಹದ ಮೇಲಿನ ಸಂಖ್ಯೆಯಷ್ಟೇ ಪುಸ್ತಕದಲ್ಲಿನ ಸಂಖ್ಯೆಯೂ ಮುಖ್ಯ. ಇದಕ್ಕೆ ಅಮೆರಿಕದ ಒಂದು ದುರಂತ ಸಾಕ್ಷಿಯಾಗಿದೆ. 1989ರ ಜುಲೈ 19ರಂದು ಅಯೋವಾ ರಾಜ್ಯದ ಸೂ ಸಿಟಿಯಲ್ಲಿ ಯುನೈಟೆಡ್ ಏರ್‌ಲೈನ್ಸ್‌ನ ಡಿಸಿ-10 ವಿಮಾನ ಅಪಘಾತಕ್ಕೀಡಾಗಿ, ಅದರಲ್ಲಿದ್ದ 296 ಮಂದಿಯ ಪೈಕಿ 112 ಮಂದಿ ಮೃತಪಟ್ಟರು. ಹಾರಾಟದ ನಡುವೆಯೇ ಬಾಲದ ಎಂಜಿನ್‌ನ ಟೈಟೇನಿಯಂ ಫ್ಯಾನ್ ಡಿಸ್ಕ್ ಒಡೆದುದು ಕಾರಣ. ಲೋಹ ಕರಗಿಸುವ ಹಂತದಲ್ಲೇ ಉಳಿದಿದ್ದ ದೋಷವೊಂದರಿಂದ ಬಿರುಕು ಆರಂಭವಾಗಿತ್ತು. ಡಿಸ್ಕ್‌ನ ತುಂಡುಗಳು ಸುಮಾರು ಮೂರು ತಿಂಗಳ ನಂತರ ಹೊಲಗಳಲ್ಲಿ ಸಿಕ್ಕವು. ಅದೇ ಲೋಹದಿಂದ ಮಾಡಿದ ಬೇರೆ ಡಿಸ್ಕ್‌ಗಳು ಯಾವ ವಿಮಾನಗಳಲ್ಲಿವೆ ಎಂಬುದು ತನಿಖೆಯ ಮುಂದಿದ್ದ ತುರ್ತು ಪ್ರಶ್ನೆ. 1970ರ ದಶಕದ ಆರಂಭದ ತಯಾರಿಕಾ ದಾಖಲೆಗಳನ್ನು ತೆರೆದಾಗ ಒಂದೇ ಕ್ರಮ ಸಂಖ್ಯೆಯಲ್ಲಿ ಎರಡು ಡಿಸ್ಕ್‌ಗಳು ಕಾರ್ಖಾನೆಯೊಳಗೆ ಸಾಗಿದ್ದವೆಂದು ಕಂಡುಬಂತು. ಅವುಗಳಲ್ಲಿ ಒಂದು ಅಲ್ಟ್ರಾಸಾನಿಕ್ ತಪಾಸಣೆಯಲ್ಲಿ ತಿರಸ್ಕೃತವಾದುದೆಂದು ದಾಖಲೆ ಹೇಳುತ್ತಿತ್ತು. ಒಡೆದ ಡಿಸ್ಕ್‌ನ ಮೂಲವನ್ನು ನಿಶ್ಚಯಿಸುವ ಕೆಲಸ ಇದರಿಂದ ಬಹಳ ಜಟಿಲವಾಯಿತು.

ನಮ್ಮ ಸಣ್ಣ ಘಟಕಗಳಲ್ಲೂ ಎರಡು ಭಾಗಗಳಿಗೆ ಒಂದೇ ಸಂಖ್ಯೆ ಬೀಳುವುದು ಇಂತಹ ದಾರಿಗಳಿಂದಲೇ. ತಿರಸ್ಕೃತವಾದ ಭಾಗದ ಬದಲಿಗೆ ಮಾಡಿದ ಹೊಸ ಭಾಗಕ್ಕೆ, ಲೆಕ್ಕ ಸರಿಹೋಗಲೆಂದು, ಹಳೆಯ ಸಂಖ್ಯೆಯನ್ನೇ ಕೊಡುತ್ತಾರೆ. ಹಾಗೆ ಮಾಡಕೂಡದು, ತಿರಸ್ಕೃತ ಸಂಖ್ಯೆಯನ್ನು ರಿಜಿಸ್ಟರಿನಲ್ಲಿ ಹೊಡೆದುಹಾಕಿ, ಭಾಗದ ಮೇಲಿನ ಸಂಖ್ಯೆಯನ್ನೂ ಕೆಡಿಸಿ, ಮುಂದಿನ ಸಂಖ್ಯೆಗೆ ಹೋಗಬೇಕು. ಎರಡು ಪಾಳಿಗಳಲ್ಲಿ ಎರಡು ಯಂತ್ರಗಳು ಗುರುತು ಹಾಕುವುದಾದರೆ ಪ್ರತಿಯೊಂದಕ್ಕೂ ಬೇರೆ ಸರಣಿ ಇರಲಿ. ಹೀಟ್ ಸಂಖ್ಯೆ, ಪ್ರಯೋಗಾಲಯದ ವರದಿ, ತಯಾರಿಕೆಯ ದಿನ, ಡೆಲಿವರಿ ಚಲನ್ ಹಾಗೂ ಇನ್‌ವಾಯ್ಸ್ ಸಂಖ್ಯೆ ಒಂದೇ ಸಾಲಿನಲ್ಲಿ ಸಿಗುವಂತೆ ರಿಜಿಸ್ಟರ್ ಇಡಬೇಕು. ಹೀಟ್ ಸಂಖ್ಯೆ ಹೇಳಿದರೆ ಸರಕು ಯಾರಿಗೆ ಹೋಯಿತೆಂದು ಅರ್ಧ ಗಂಟೆಯೊಳಗೆ ಹೇಳಲಾಗುತ್ತದೆಯೇ ಎಂದು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಿ ನೋಡುವುದು ಒಳಿತು.

ನಕ್ಷೆಯಲ್ಲಿ ‘ಭಾಗ ಸಂಖ್ಯೆ ಗುರುತಿಸಿ’ ಎಂದಷ್ಟೇ ಬರೆದಿರುವ ಆರ್ಡರುಗಳು ಬಹಳ. ವಿಧಾನ, ಸ್ಥಾನ, ಅಕ್ಷರದ ಎತ್ತರ, ಆಳ, ಲೇಪನದ ಮೊದಲೋ ನಂತರವೋ ಎಂಬ ಐದು ಅಂಶಗಳನ್ನು ಗ್ರಾಹಕರಿಂದ ಬರವಣಿಗೆಯಲ್ಲಿ ಪಡೆದು, ಗುರುತಿನ ವೆಚ್ಚವನ್ನು ಕೊಟೇಶನ್‌ನಲ್ಲಿ ಪ್ರತ್ಯೇಕ ಸಾಲಾಗಿ ತೋರಿಸಬೇಕು. ದಾಖಲೆಗಳನ್ನು ಎಷ್ಟು ವರ್ಷ ಇಡಬೇಕೆಂಬುದನ್ನೂ ಆಗಲೇ ಕೇಳಿಕೊಳ್ಳುವುದು ಮೇಲು. ವಾಹನೋದ್ಯಮದಲ್ಲಿ ತಯಾರಿಕೆಯ ದಾಖಲೆಗಳನ್ನು, ಗ್ರಾಹಕರು ಬೇರೆ ಅವಧಿ ಹೇಳದಿದ್ದರೆ, ಭಾಗವು ಉತ್ಪಾದನೆ ಮತ್ತು ಸರ್ವಿಸ್ ಬೇಡಿಕೆಯಲ್ಲಿ ಇರುವಷ್ಟು ಕಾಲ ಹಾಗೂ ಅದರ ಮೇಲೆ ಇನ್ನೊಂದು ವರ್ಷ ಕಾಪಾಡಬೇಕಾಗುತ್ತದೆ.